‘ಅವರೇ ನಮ್ಮನ್ನು ಕರೆದರು’

(ಮಡಿಕೇರಿಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಸ್ನೇಹಿತರೇ,

ಅಧಿಕಾರ, ತತ್ತ್ವ, ಸಮಾಜ ಈ ಮೂರನ್ನೂ ಜಗತ್ತಿನ ಇತಿಹಾಸದ ಉದ್ದಕ್ಕೂ ಹೇಗೆ ಓದಬೇಕು ಎಂದು ಮಾತನಾಡಲು ನನ್ನನ್ನು ಕರೆದಿದ್ದೀರಿ. ವಿಷಯ ದೊಡ್ಡದು. ಅದಕ್ಕೇ ನಾನು ಒಂದೇ ಒಂದು ಪದವನ್ನು ಹಿಡಿದುಕೊಂಡು ಬಂದಿದ್ದೇನೆ. ಆ ಪದ ನಿಮ್ಮ ಊರಿನದೇ.

1834ರ ಮೇ 7ರಂದು ಮಡಿಕೇರಿಯ ತನ್ನ ಶಿಬಿರದಿಂದ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಜೇಮ್ಸ್ ಸ್ಟುವರ್ಟ್ ಫ್ರೇಸರ್ ಒಂದು ಘೋಷಣೆ ಹೊರಡಿಸಿದ. ಕಂಪನಿ ಸರಕಾರದ ಆಶ್ರಯಕ್ಕೆ ಬರಬೇಕೆಂಬುದು ಕೊಡಗಿನ ಜನರ ಸರ್ವಾನುಮತದ ಇಚ್ಛೆ. ಆದಕಾರಣ (ಚಿಕ್ಕ) ವೀರರಾಜೇಂದ್ರ ಒಡೆಯನ ಆಳ್ವಿಕೆಯಲ್ಲಿದ್ದ ಸೀಮೆಯನ್ನು ಗವರ್ನರ್ ಜನರಲ್ ಅವರು ಕಂಪನಿಗೆ ಸೇರಿಸಿಕೊಂಡಿದ್ದಾರೆ. ಅದರ ತಾತ್ಪರ್ಯ ಇಷ್ಟು. ಜನರ ಆಚಾರ ವಿಚಾರಗಳಿಗೆ ಗೌರವ ಕೊಡುತ್ತೇವೆ, ಮತ್ತೆ ದೇಶೀಯ ಅರಸರ ಕೈಗೆ ನಿಮ್ಮನ್ನು ಒಪ್ಪಿಸುವುದಿಲ್ಲ ಎಂಬ ಭರವಸೆಗಳೂ ಅದರಲ್ಲಿವೆ.

ನಾನು ಹಿಡಿದುಕೊಂಡು ಬಂದ ಪದ ‘ಸರ್ವಾನುಮತ’.

ಇದಕ್ಕೆ ಒಂದು ತಿಂಗಳ ಹಿಂದೆ, ಏಪ್ರಿಲ್ ಮೊದಲ ವಾರದಲ್ಲಿ, ಕಂಪನಿಯ ಸೇನೆ ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತ್ತು. ಉತ್ತರದ ಕಡೆಯಿಂದ ಬಂದ ತುಕಡಿಯನ್ನು ಇಲ್ಲಿನ ಜನ ತಡೆಗೋಡೆಗಳ ಹಿಂದೆ ನಿಂತು ಎದುರಿಸಿದರು. ಕಂಪನಿಯ ಸಿಪಾಯಿಗಳು, ಅಧಿಕಾರಿಗಳು ಸತ್ತರು. ಇನ್ನೊಂದು ಕಡೆ ದಿವಾನ ಅಪ್ಪಾರಂಡ ಬೋಪು ಕಂಪನಿಯ ಸೇನೆಯನ್ನು ಎದುರುಗೊಂಡು ಮಡಿಕೇರಿಗೆ ಕರೆತಂದ. ಒಂದು ದಿಕ್ಕಿನಲ್ಲಿ ಗುಂಡು, ಇನ್ನೊಂದು ದಿಕ್ಕಿನಲ್ಲಿ ಸ್ವಾಗತ. ಏಪ್ರಿಲ್ 6ರಂದು ಕೋಟೆಯ ಮೇಲೆ ಕಂಪನಿಯ ಬಾವುಟ ಏರಿತು. ಮೇ 7ರ ಹೊತ್ತಿಗೆ ಇದೆಲ್ಲವೂ ಸರ್ವಾನುಮತವಾಗಿತ್ತು!

ಸುಳ್ಳು ಎಂದು ಹೇಳಿ ಮುಂದೆ ಹೋಗುವುದು ಸುಲಭ. ನನ್ನನ್ನು ಬಹಳ ವರ್ಷಗಳಿಂದ ಕಾಡಿರುವುದು ಬೇರೆ ಪ್ರಶ್ನೆ. ತೋಪು ಅವನ ಬಳಿ ಇದೆ, ಕೋಟೆ ಅವನ ಕೈಯಲ್ಲಿದೆ, ಅರಸ ಶರಣಾಗಿದ್ದಾನೆ. ಹೀಗಿದ್ದರೂ ಫ್ರೇಸರನಿಗೆ ಆ ಪದ ಏಕೆ ಬೇಕಾಯಿತು? ‘ಗೆದ್ದಿದ್ದೇವೆ, ಆಳುತ್ತೇವೆ’ ಎಂದರೆ ಸಾಕಾಗುತ್ತಿರಲಿಲ್ಲವೇ?

ಸಾಕಾಗುವುದಿಲ್ಲ. ಜಗತ್ತಿನಲ್ಲಿ ಎಲ್ಲಿಯೂ ಹೆಚ್ಚು ಕಾಲ ಸಾಕಾಗಿಲ್ಲ. ‘ನಾವು ಬಂದೆವು’ ಎಂಬುದನ್ನು ‘ಅವರೇ ನಮ್ಮನ್ನು ಕರೆದರು’ ಎಂದು ತಿರುಗಿಸಿ ಹೇಳುವ ಅಗತ್ಯ ಅಧಿಕಾರಕ್ಕೆ ಮತ್ತೆ ಮತ್ತೆ ಬಿದ್ದಿದೆ. ತತ್ತ್ವಶಾಸ್ತ್ರ ಮತ್ತು ಅಧಿಕಾರ ಮುಖಾಮುಖಿಯಾಗುವುದು ಈ ತಿರುವಿನಲ್ಲಿಯೇ ಎಂದು ನಾನು ನಂಬಿದ್ದೇನೆ.

ಇಲ್ಲಿಂದ ಬಹಳ ದೂರದ ಒಂದು ಕಥೆ ಕೇಳಿ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕೀವ್ ನಗರದ ಸನ್ಯಾಸಿಗಳು ತಮ್ಮ ನಾಡಿನ ವೃತ್ತಾಂತವನ್ನು ಒಟ್ಟುಗೂಡಿಸಿದರು. ಅದರಲ್ಲಿ 862ನೆಯ ಇಸವಿಯ ಅಡಿಯಲ್ಲಿ ಹೀಗೊಂದು ಪ್ರಸಂಗವಿದೆ. ಸ್ಲಾವ್ ಮತ್ತು ಅವರ ನೆರೆಯ ಬುಡಕಟ್ಟುಗಳು ಸಮುದ್ರದಾಚೆಯಿಂದ ಬಂದ ವರಾಂಗಿಯನ್ನರು ಎಂಬ ಯೋಧರನ್ನು ಓಡಿಸುತ್ತವೆ. ಆಮೇಲೆ ತಮ್ಮತಮ್ಮಲ್ಲೇ ಹೊಡೆದಾಡಿ ಸೋತು, ಸಮುದ್ರದಾಚೆಗೆ ಹೇಳಿಕಳುಹಿಸುತ್ತವೆ: ನಮ್ಮ ನಾಡು ದೊಡ್ಡದು, ಸಮೃದ್ಧವಾದದ್ದು, ಆದರೆ ಇಲ್ಲಿ ವ್ಯವಸ್ಥೆಯಿಲ್ಲ, ಬಂದು ನಮ್ಮನ್ನು ಆಳಿರಿ. ಆಗ ಅದೇ ವರಾಂಗಿಯನ್ನರಲ್ಲೊಬ್ಬನಾದ ರೂರಿಕ್ ಬರುತ್ತಾನೆ. ಅವನ ಪೀಳಿಗೆ ಏಳು ನೂರು ವರ್ಷಗಳಿಗೂ ಹೆಚ್ಚು ಕಾಲ ಆಳಿತು ಎನ್ನುತ್ತಾರೆ. ಆ ವೃತ್ತಾಂತವನ್ನು ಬರೆದ ಸನ್ಯಾಸಿಗಳು ಬದುಕಿದ್ದು ರೂರಿಕನ ವಂಶದ ಅರಸರ ಆಶ್ರಯದಲ್ಲಿ. ಕರೆದರು ಎನ್ನಲಾದ ದಿನಕ್ಕೂ ಅದನ್ನು ಬರೆದ ದಿನಕ್ಕೂ ಇರುವ ಅಂತರ ಸುಮಾರು ಎರಡೂವರೆ ಶತಮಾನ.

ಈ ಕಥೆಯನ್ನು ಮೊದಲ ಸಲ ಓದಿದಾಗ ನನಗೆ ತಟ್ಟನೆ ನೆನಪಾದದ್ದು ಕೊಡಗಿನ ಅರಸು ಮನೆತನದ ಮೂಲ ಊರಾದ ಹಾಲೇರಿ. ನೀವೆಲ್ಲ ಅಜ್ಜ ಅಜ್ಜಿಯರಿಂದ ಕೇಳಿದ್ದೀರಿ. ಹನ್ನೆರಡು ಕೊಂಬು, ಮೂವತ್ತೈದು ನಾಡುಗಳಾಗಿ ಹಂಚಿಹೋಗಿದ್ದ ಕೊಡಗು, ಒಬ್ಬರಿಗೊಬ್ಬರು ತಲೆಬಾಗದ ನಾಯಕರು, ಅವರ ನಡುವೆ ನಿಲ್ಲದ ಜಗಳ. ಇಕ್ಕೇರಿಯ ಅರಸು ಮನೆತನದವನೊಬ್ಬ ಜಂಗಮನ ವೇಷದಲ್ಲಿ ಹಾಲೇರಿಗೆ ಬಂದು ನೆಲೆಸುತ್ತಾನೆ. ಜನ ಅವನ ಮಾತು ಕೇಳಲು ಕೂಡುತ್ತಾರೆ. ಭಕ್ತಿಯಿಂದ ತಂದ ಭತ್ತ ಕಾಣಿಕೆಯಾಗುತ್ತದೆ, ಕಾಣಿಕೆ ಕಂದಾಯವಾಗುತ್ತದೆ, ಮಠ ಅರಮನೆಯಾಗುತ್ತದೆ. ಮುಂದೆ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತರುತ್ತಾನೆ. ನಮ್ಮ ಅರಸರ ಇತಿಹಾಸವಾದ ರಾಜೇಂದ್ರನಾಮೆಯನ್ನು ಬರೆಯಿಸಿದವನೂ ಅದೇ ವಂಶದ ದೊಡ್ಡ ವೀರರಾಜೇಂದ್ರ.

ಕಾವೇರಿಗೂ ವೋಲ್ಗಾಕ್ಕೂ ಏನು ಸಂಬಂಧ? ಈ ಎರಡು ಕಥೆಗಳಲ್ಲಿ ಯಾವುದೂ ಇನ್ನೊಂದನ್ನು ನೋಡಿ ಬರೆದದ್ದಲ್ಲ. ಆದರೂ ಎಲುಬುಗೂಡು ಒಂದೇ: ಸಮಾನರ ಜಗಳ, ಹೊರಗಿನಿಂದ ಬಂದವನು, ಜನರ ಒಪ್ಪಿಗೆ. ಹೊರಗಿನವನೇ ಏಕೆ ಬೇಕು ಎಂಬುದಕ್ಕೆ ನನಗೆ ಸಿಕ್ಕಿದ ಅತ್ಯಂತ ಒಳ್ಳೆಯ ಉತ್ತರ ಉತ್ತರ ಆಫ್ರಿಕದ ಇಬ್ನ್ ಖಲ್ದೂನನದು. ಟ್ಯೂನಿಸಿನಲ್ಲಿ ಹುಟ್ಟಿದ ಈತ ಹಲವು ಅರಸರ ಆಸ್ಥಾನಗಳಲ್ಲಿ ಕೆಲಸ ಮಾಡಿ, ಸೆರೆಮನೆಯನ್ನೂ ಕಂಡು, ಕೊನೆಗೆ ಇಂದಿನ ಅಲ್ಜೀರಿಯಾದ ಒಂದು ಒಂಟಿ ಕೋಟೆಯಲ್ಲಿ ಕುಳಿತು 1377ರಲ್ಲಿ ತನ್ನ ಮಹಾಗ್ರಂಥದ ಪೀಠಿಕೆಯನ್ನು ಬರೆದ. ಅವನ ಮುಖ್ಯ ಪದ ‘ಅಸಬಿಯ್ಯ’. ರಕ್ತಸಂಬಂಧ, ಕೂಡಿ ಬದುಕಿದ ಋಣ, ಒಬ್ಬನಿಗೆ ಏಟು ಬಿದ್ದರೆ ಎಲ್ಲರೂ ಏಳುವ ಒಗ್ಗಟ್ಟು. ಕೊಡಗಿನಲ್ಲಿ ಇದನ್ನು ವಿವರಿಸಲು ನಾನು ಕಷ್ಟಪಡಬೇಕಿಲ್ಲ. ಒಕ್ಕ, ಅಂದರೆ ಒಂದೇ ಮೂಲಮನೆಯಿಂದ ಹರಿದು ಬಂದ ಕುಲ, ಎಂದರೆ ಸಾಕು. ಐನ್‌ಮನೆಯ ಕೈಮಡದ (ಹಿರಿಯರ ಗುಡಿಯ) ಮುಂದೆ ವರ್ಷಕ್ಕೊಮ್ಮೆ ಕೂಡುವವರಿಗೆ ಅಸಬಿಯ್ಯ ಗೊತ್ತು.

ಇಬ್ನ್ ಖಲ್ದೂನ್ ಮುಂದುವರಿದು ಹೇಳುವ ಮಾತು ಇನ್ನೂ ಹರಿತವಾದದ್ದು. ಇಂಥ ಒಗ್ಗಟ್ಟು ಬಲವಾಗಿರುವ ಜನ ಒಬ್ಬರಿಗೊಬ್ಬರು ಅಧೀನರಾಗಲು ಎಂದೂ ಒಪ್ಪುವುದಿಲ್ಲ. ಪ್ರತಿಯೊಬ್ಬನಿಗೂ ತಾನೇ ಮುಖಂಡ. ಆದಕಾರಣ ಅವರ ನಡುವೆ ದೊಡ್ಡ ಅರಸೊತ್ತಿಗೆ ಏಳುವುದು ಧರ್ಮದ ಬಣ್ಣ ಹತ್ತಿದಾಗ ಮಾತ್ರ, ಒಬ್ಬ ಪ್ರವಾದಿಯೋ ಒಬ್ಬ ಸಂತನೋ ಬಂದಾಗ ಮಾತ್ರ. ನೆರೆಯ ಒಕ್ಕದವನಿಗೆ ಬಾಗಿದರೆ ಸೋಲು. ಸಂತನಿಗೆ ಬಾಗಿದರೆ ಭಕ್ತಿ. ಅರಬ್ ಮರುಭೂಮಿಯ ಅಲೆಮಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ಮಾತನ್ನು ಹಾಲೇರಿಯ ಜಂಗಮನ ಪಕ್ಕದಲ್ಲಿ ಇಟ್ಟು ನೋಡಿ. ದೂರದ ದೇಶಗಳ ಇತಿಹಾಸ ನಮಗೇಕೆ ಎಂದು ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುತ್ತಿದ್ದರು. ನನ್ನ ಉತ್ತರ ಇದೇ. ಬಾಲ್ಯದಿಂದ ಕೇಳಿದ ಕಥೆಯನ್ನು ಮತ್ತೆ ಹೊಸದಾಗಿ ಕೇಳಿಸಿಕೊಳ್ಳಲು ಒಮ್ಮೊಮ್ಮೆ ಅಲ್ಜೀರಿಯಾದವರೆಗೆ ಹೋಗಿಬರಬೇಕಾಗುತ್ತದೆ.

ಇನ್ನು ನಮ್ಮ ದೇಶದ ಹಳೆಯ ಚಿಂತನೆಗೆ ಬರುತ್ತೇನೆ. ಪಾಲಿ ಭಾಷೆಯ ಬೌದ್ಧ ಗ್ರಂಥವಾದ ದೀಘನಿಕಾಯದಲ್ಲಿ ಅಗ್ಗಞ್ಞ ಸುತ್ತ ಎಂಬುದಿದೆ. ಮೊದಲು ಜನ ಸುಖವಾಗಿದ್ದರು; ಭತ್ತವನ್ನು ಕೂಡಿಡಲು ತೊಡಗಿದ ಮೇಲೆ ಹೊಲಗಳಿಗೆ ಗಡಿ ಬಂತು, ಗಡಿಯಿಂದ ಕಳ್ಳತನ, ಕಳ್ಳತನದಿಂದ ಹೊಡೆದಾಟ. ಆಗ ಜನ ಸೇರಿ, ತಮ್ಮಲ್ಲಿ ಯೋಗ್ಯನಾದವನನ್ನು ಆರಿಸಿ, ತಪ್ಪಿತಸ್ಥರನ್ನು ದಂಡಿಸು, ನಿನಗೆ ಭತ್ತದಲ್ಲಿ ಪಾಲು ಕೊಡುತ್ತೇವೆ ಎಂದರು. ಅವನೇ ಮಹಾಸಮ್ಮತ. ಹೆಸರಿನಲ್ಲಿಯೇ ಸಮ್ಮತಿ ಇದೆ. ರಾಜ ದೇವರಿಂದ ಬಂದವನಲ್ಲ, ಜನ ಕೂಲಿಗೆ ಇಟ್ಟುಕೊಂಡವನು ಎಂಬ ಧೈರ್ಯದ ಮಾತು ಅದು. ಇಂಗ್ಲೆಂಡಿನಲ್ಲಿ ತತ್ತ್ವಜ್ಞಾನಿ ಹಾಬ್ಸ್ 1651ರಲ್ಲಿ ಸಾಮಾಜಿಕ ಒಪ್ಪಂದದ ವಾದ ಮಂಡಿಸುವುದಕ್ಕೆ ಎಷ್ಟೋ ಶತಮಾನಗಳ ಹಿಂದಿನದು.

ಇದೇ ಕಥೆಯ ಇನ್ನೊಂದು ರೂಪ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಆ ಗ್ರಂಥ ಮತ್ತೆ ಜಗತ್ತಿನ ಕಣ್ಣಿಗೆ ಬಿದ್ದದ್ದು ನಮ್ಮ ಪಕ್ಕದ ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ್ದ ಓಲೆಗರಿಗಳನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿದರು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯದಿಂದ ಬಳಲಿದ ಪ್ರಜೆಗಳು ಮನುವನ್ನು ರಾಜನನ್ನಾಗಿ ಮಾಡಿಕೊಂಡು, ಧಾನ್ಯದ ಆರನೆಯ ಒಂದು ಭಾಗವನ್ನು ಕೊಡಲು ಒಪ್ಪಿದರು ಎಂದು ಅದರಲ್ಲಿದೆ. ಆದರೆ ಈ ಮಾತನ್ನು ಅಲ್ಲಿ ಹೇಳುವವರು ಯಾರು ಎಂದು ಗಮನಿಸಿ. ಗುರುಗಳಲ್ಲ, ಋಷಿಗಳಲ್ಲ. ಗೂಢಚಾರರು! ತೀರ್ಥಕ್ಷೇತ್ರಗಳಲ್ಲಿ, ಸಭೆಗಳಲ್ಲಿ, ಜನ ಗುಂಪುಗೂಡುವ ಕಡೆಗಳಲ್ಲಿ ಇಬ್ಬರು ಗೂಢಚಾರರು ಬೇಕೆಂದೇ ವಾದಕ್ಕಿಳಿಯಬೇಕು. ಒಬ್ಬ ರಾಜನ ತೆರಿಗೆಯನ್ನು ಹಳಿಯಬೇಕು. ಇನ್ನೊಬ್ಬ ಮನುವಿನ ಕಥೆ ಹೇಳಿ ಅವನ ಬಾಯಿ ಮುಚ್ಚಿಸಬೇಕು. ಸುತ್ತ ನಿಂತ ಜನ ಕೇಳಿಸಿಕೊಂಡು ಮನೆಗೆ ಹೋಗಬೇಕು.

ಅಧಿಕಾರದ ಬಗೆಗಿನ ಇಡೀ ಓದಿನಲ್ಲಿ ನನ್ನನ್ನು ಇಷ್ಟು ಬೆಚ್ಚಿಬೀಳಿಸಿದ ಪುಟ ಇನ್ನೊಂದಿಲ್ಲ. ಒಂದು ಕಡೆ ಅರಸನನ್ನು ಪ್ರಜೆಗಳ ಕೂಲಿಯವನನ್ನಾಗಿಸಿದ ಕಥೆ, ಇನ್ನೊಂದು ಕಡೆ ಪ್ರಜೆಗಳ ಬಾಯಿ ಮುಚ್ಚಿಸುವ ಉಪಕರಣವಾಗಿದೆ. ಕಥೆ ಬದಲಾಗಿಲ್ಲ. ಹೇಳುವವರು ಬದಲಾಗಿದ್ದಾರೆ. ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ: ಒಂದು ತತ್ತ್ವವನ್ನು ಓದುವಾಗ ಅದರಲ್ಲಿ ಏನಿದೆ ಎಂಬಲ್ಲಿಗೆ ನಿಲ್ಲಿಸಬೇಡಿ. ಅದು ಯಾರ ಬಾಯಲ್ಲಿದೆ, ಎಲ್ಲಿ ನಿಂತು ಹೇಳಲಾಗಿದೆ, ಕೇಳುತ್ತಿರುವವರು ಯಾರು ಎಂದು ನೋಡಿ.

ಯಾರಿಗೆ ಹೇಳಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಅಶೋಕನ ಹದಿಮೂರನೆಯ ಬಂಡೆ ಶಾಸನ ನಿಮಗೆ ಗೊತ್ತು. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ಯಲಾಯಿತು ಎಂದು ಚಕ್ರವರ್ತಿ ಪಶ್ಚಾತ್ತಾಪಪಡುವ ಶಾಸನ. ಅದು ವಾಯವ್ಯ ಗಡಿಯ ಬಂಡೆಗಳ ಮೇಲಿದೆ, ಗುಜರಾತಿನ ಗಿರ್ನಾರಿನಲ್ಲಿದೆ. ಕಳಿಂಗದಲ್ಲಿಯೇ ಇಲ್ಲ. ಅಲ್ಲಿನ ಧೌಲಿ, ಜೌಗಡಗಳಲ್ಲಿ ಅದನ್ನು ಬಿಟ್ಟು, ಅದರ ಬದಲಿಗೆ ‘ಎಲ್ಲ ಮನುಷ್ಯರೂ ನನ್ನ ಮಕ್ಕಳು’ ಎನ್ನುವ ಪ್ರತ್ಯೇಕ ಶಾಸನಗಳನ್ನು ಕೆತ್ತಿಸಲಾಯಿತು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ಅವೇ ಪ್ರತ್ಯೇಕ ಶಾಸನಗಳು ಸಿಕ್ಕಿವೆ. ಸತ್ತವರ ನೆಂಟರಿಗೆ ಸತ್ತವರ ಲೆಕ್ಕ ಹೇಳಲಿಲ್ಲ. ಅಶೋಕನ ಪಶ್ಚಾತ್ತಾಪ ನಿಜವಾದದ್ದು ಎಂದೇ ನಾನು ತಿಳಿದಿದ್ದೇನೆ. ಆದರೂ ಗೆದ್ದವನು ಸೋತವರ ಮುಂದೆ ಆಡಲಾರದ ಮಾತುಗಳಿರುತ್ತವೆ. ಅವನು ಆಗ ತಂದೆಯಾಗುತ್ತಾನೆ. ತಂದೆಯನ್ನು ಯಾರೂ ಕರೆಯಬೇಕಾಗಿಲ್ಲವಲ್ಲ.

ಕರೆಯದವರ ಒಪ್ಪಿಗೆಯನ್ನು ಕಾಗದದ ಮೇಲೆ ಹುಟ್ಟಿಸುವ ವಿದ್ಯೆಯ ತುತ್ತತುದಿ ಸ್ಪೇನಿನದು. 1513ರಲ್ಲಿ ಅಲ್ಲಿನ ಆಸ್ಥಾನದ ನ್ಯಾಯಪಂಡಿತನೊಬ್ಬ ‘ರೆಕೆರಿಮಿಯೆಂತೊ’ ಎಂಬ ಒಂದು ಪತ್ರವನ್ನು ರಚಿಸಿದ. ಅಮೆರಿಕದ ಮೂಲನಿವಾಸಿಗಳ ಮೇಲೆ ದಾಳಿ ಮಾಡುವ ಮುನ್ನ ಅದನ್ನು ಓದಿ ಹೇಳಬೇಕು: ಇಗರ್ಜಿಯನ್ನೂ ಸ್ಪೇನಿನ ದೊರೆಯನ್ನೂ ಒಪ್ಪಿಕೊಳ್ಳಿ, ಒಪ್ಪದಿದ್ದರೆ ಮುಂದೆ ಆಗುವ ಸಾವುನೋವುಗಳಿಗೆ ನೀವೇ ಹೊಣೆ. ಅದನ್ನು ಅವರಿಗೆ ಅರ್ಥವಾಗದ ಭಾಷೆಯಲ್ಲಿ ಓದಿದರು. ಜನ ಓಡಿಹೋದ ಖಾಲಿ ಹಳ್ಳಿಗಳ ಮುಂದೆ ಓದಿದರು. ಆ ಕ್ರೌರ್ಯವನ್ನು ಕಣ್ಣಾರೆ ಕಂಡಿದ್ದ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಸಾಸ್, ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯದು ಎಂದು ಬರೆದ. ಸುಳ್ಳನ್ನು ಗುರುತಿಸಲು ಆ ಕಾಲದಲ್ಲಿಯೇ, ಆ ಪಕ್ಷದಲ್ಲಿಯೇ ಒಬ್ಬನಿದ್ದ. ಆ ಕಾಲವೇ ಹಾಗಿತ್ತು ಎಂದು ಹೇಳಿ ಜಾರಿಕೊಳ್ಳುವವರಿಗೆ ಲಾಸ್ ಕಸಾಸನನ್ನು ತೋರಿಸಿ.

ಒಪ್ಪಿಗೆಯ ಸಿದ್ಧಾಂತಕ್ಕೆ ಅತ್ಯಂತ ಬಲವಾದ ಏಟು ಕೊಟ್ಟವನು ಸ್ಕಾಟ್‌ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್. ಇಲ್ಲಿಯೇ ಬದುಕುತ್ತಿದ್ದೀರಿ, ಬಿಟ್ಟು ಹೋಗಿಲ್ಲ, ಆದ್ದರಿಂದ ಈ ಸರಕಾರಕ್ಕೆ ಒಪ್ಪಿದ್ದೀರಿ ಎಂಬ ವಾದಕ್ಕೆ 1748ರಲ್ಲಿ ಅವನು ಕೊಟ್ಟ ಉತ್ತರ ಒಂದು ಹಡಗಿನ ಉಪಮೆ. ನಿದ್ದೆಯಲ್ಲಿದ್ದಾಗ ಒಬ್ಬನನ್ನು ಹೊತ್ತುಕೊಂಡು ಹೋಗಿ ಹಡಗಿನಲ್ಲಿ ಮಲಗಿಸುತ್ತಾರೆ. ಎಚ್ಚರವಾದಾಗ ಸುತ್ತಲೂ ಸಮುದ್ರ. ಹಡಗಿನಲ್ಲಿ ಉಳಿದಿದ್ದಾನೆ ಎಂದ ಮಾತ್ರಕ್ಕೆ ನಾವಿಕನ ಆಳ್ವಿಕೆಗೆ ಅವನು ಸ್ವತಂತ್ರವಾಗಿ ಒಪ್ಪಿದ್ದಾನೆ ಎನ್ನಬಹುದೇ? ಹಡಗು ಬಿಡುವುದೆಂದರೆ ಸಮುದ್ರಕ್ಕೆ ಹಾರುವುದು.

ನಮಗೆ ಸಮುದ್ರವಿಲ್ಲ. ಆದರೆ ಆ ಹಡಗು ಇಲ್ಲಿ ಇತ್ತು. ಹತ್ತೊಂಬತ್ತನೆಯ ಶತಮಾನದ ದಾಖಲೆಗಳಲ್ಲಿ ‘ಭೂಮಿ ಜಮ್ಮದ ಆಳು’, ‘ಒಕ್ಕಲು ಜಮ್ಮದ ಆಳು’ ಎಂಬ ಮಾತುಗಳಿವೆ. ಮೊದಲನೆಯವರು ಗದ್ದೆಯ ಜೊತೆಗೆ ಕೈಬದಲಾಗುವವರು, ಎರಡನೆಯವರು ಮನೆತನಕ್ಕೆ ಸೇರಿದವರು. ನೆರೆಯ ವಯನಾಡಿನ ಮಾನಂದವಾಡಿ ಹತ್ತಿರದ ವಳ್ಳಿಯೂರುಕಾವು ಎಂಬ ದೇವಿಯ ಬನದಲ್ಲಿ ಮೀನ ಮಾಸದ ಉತ್ಸವದ ಹೊತ್ತಿಗೆ ಪಣಿಯ ಬುಡಕಟ್ಟಿನವರು ದೇವಿಯ ಎದುರು ಮುಂಗಡ ಹಣ ಪಡೆದು ಒಬ್ಬ ಜಮೀನುದಾರನಿಗೆ ಒಂದು ವರ್ಷ ಕಟ್ಟುಬೀಳುತ್ತಿದ್ದರು. ನಮ್ಮ ಎರವರು ಅವರ ಬಂಧುಗಳು. ಅದು ಒಪ್ಪಂದವೇ. ಸಾಕ್ಷಿ ಇದೆ, ಆಣೆ ಇದೆ, ಹಣ ಕೈಸೇರಿದೆ. ಬಲವಂತ ಮಾಡಿದವರು ಯಾರು ಎಂದು ಕೇಳಿದರೆ ಯಾರ ಕಡೆಗೂ ಬೆರಳು ತೋರಿಸಲಾಗುವುದಿಲ್ಲ. ಹಸಿವು ಮಾತ್ರ ಇದೆ, ಮತ್ತು ದೇವಿಯ ಭಯ. ಹ್ಯೂಮ್ ಬರೆದ ಆ ಸಾಲುಗಳನ್ನು ಓದುವಾಗಲೆಲ್ಲ ನನ್ನ ಕಣ್ಣೆದುರು ಬರುವುದು ಹಡಗಲ್ಲ, ಆ ಕಾವು. ದೇಶದಲ್ಲಿ ಜೀತವನ್ನು ಕಾನೂನು ಪೂರ್ತಿಯಾಗಿ ರದ್ದು ಮಾಡಿದ್ದು 1976ರಲ್ಲಿ. ಈ ಸಭೆಯಲ್ಲಿರುವ ಹಿರಿಯರು ಆಗಲೇ ಶಾಲೆಗೆ ಹೋಗುತ್ತಿದ್ದರು.

ಒಕ್ಕದ ಒಗ್ಗಟ್ಟನ್ನು ನಾನು ಆಗಲೇ ಹೊಗಳಿದೆ. ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಆ ಒಗ್ಗಟ್ಟಿನ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರು ಆ ಒಕ್ಕದೊಳಗೆ ಇರಲಿಲ್ಲ. ಊರ ಮುಖ್ಯಸ್ಥರಾದ ತಕ್ಕರು ಕೂಡಿದ ನಾಡಕೂಟದಲ್ಲಿಯೂ ಅವರಿಗೆ ಸ್ಥಾನವಿರಲಿಲ್ಲ, ಹೆಂಗಸರಿಗೂ ಇರಲಿಲ್ಲ. ಅಥೆನ್ಸಿನ ಪ್ರಜಾಸಭೆಯ ಬಗ್ಗೆ ಪಾಠ ಮಾಡುವಾಗ ಗುಲಾಮರು, ಸ್ತ್ರೀಯರು ಹೊರಗಿದ್ದರು ಎಂದು ನಾವು ಗಟ್ಟಿಯಾಗಿ ಹೇಳುತ್ತೇವೆ. ಅದೇ ಗಟ್ಟಿ ದನಿಯಲ್ಲಿ ನಮ್ಮೂರಿನ ಬಗ್ಗೆಯೂ ಹೇಳಬೇಕು.

ಮತ್ತೆ ಫ್ರೇಸರನ ಬಳಿಗೆ ಹೋಗೋಣ. ಸರ್ವಾನುಮತ ಎಂದು ಬರೆದ ಮೂರೇ ವರ್ಷಗಳಲ್ಲಿ, 1837ರಲ್ಲಿ, ಇಂದಿನ ದಕ್ಷಿಣ ಕನ್ನಡದ ಅಮರಸುಳ್ಯದ ಕಡೆಯಿಂದ ದಂಗೆ ಎದ್ದಿತು. ಭತ್ತದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಕಂಪನಿ ನಗದಿನಲ್ಲಿ ಕೇಳಿದ್ದು ರೈತರನ್ನು ಕೆರಳಿಸಿತ್ತು. ದಂಗೆಕೋರರು ಏಪ್ರಿಲ್ ತಿಂಗಳಿನಲ್ಲಿ ಮಂಗಳೂರಿನವರೆಗೆ ಹೋಗಿ ಬಾವುಟ ಏರಿಸಿದರು, ಸುಮಾರು ಎರಡು ವಾರ ಅದನ್ನು ಹಿಡಿದರು. ಅವರು ಯಾರ ಹೆಸರಿನಲ್ಲಿ ಎದ್ದರು? ಹಾಲೇರಿ ವಂಶದ ವಾರಸುದಾರ ಎನ್ನಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ. ಪುಟ್ಟಬಸಪ್ಪ ಎಂಬಾತ ಆ ಸ್ವಾಮಿಯಾಗಿ ಮುಂದೆ ನಿಂತ. ಮತ್ತೆ ಜಂಗಮ! ಎರಡು ಶತಮಾನಗಳ ಹಿಂದೆ ಅರಸೊತ್ತಿಗೆ ಕಟ್ಟಲು ಬಳಕೆಯಾದ ಕಥೆಯನ್ನು ಈಗ ರೈತರು ತಮ್ಮ ಕೈಗೆ ತೆಗೆದುಕೊಂಡರು: ನಾವು ಕರೆದದ್ದು ನಿಮ್ಮನ್ನಲ್ಲ, ಇವನನ್ನು. ದಂಗೆಯನ್ನು ಅಡಗಿಸಿದರು. ಅದೇ ವರ್ಷ ಅಕ್ಟೋಬರ್ 31ರಂದು ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಕಂಪನಿಯ ಪರ ನಿಂತ ಕೊಡಗಿನವರಿಗೆ ಪದಕಗಳನ್ನು ಹಂಚಿದರು. ಆ ಪದಕಗಳೇ ಸಾಕ್ಷಿ: ಮತ ಸರ್ವರದಾಗಿದ್ದರೆ ನಿಷ್ಠರನ್ನು ಬೇರೆಯಾಗಿ ಗುರುತಿಸುವ ಅಗತ್ಯವೇ ಇರುತ್ತಿರಲಿಲ್ಲ.

ಪದಚ್ಯುತ ಅರಸ ಚಿಕ್ಕ ವೀರರಾಜೇಂದ್ರ ಕಾಶಿಗೆ ಹೋಗಿ, 1852ರಲ್ಲಿ ಮಗಳು ಗೌರಮ್ಮನೊಂದಿಗೆ ಲಂಡನ್ ತಲುಪಿದ. ಮಗಳಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ತಂದೆ ತನಗೆ ಬರಬೇಕಾದ ಹಣಕ್ಕಾಗಿ ಕಂಪನಿಯ ಮೇಲೆ ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಿದ; 1859ರಲ್ಲಿ ಅಲ್ಲಿಯೇ ತೀರಿಕೊಂಡ. ಅವನು ಕ್ರೂರಿಯಾಗಿರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಯಾರಿಗೂ ಕಾರಣ ಹೇಳಬೇಕಿಲ್ಲದ ಸಿಂಹಾಸನದಲ್ಲಿ ಕುಳಿತಿದ್ದವನು ಕೊನೆಗೆ ಪರದೇಶದ ನ್ಯಾಯಾಧೀಶರ ಮುಂದೆ ಕಾರಣಗಳನ್ನು ಬರೆದುಕೊಂಡು ನಿಂತ ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಹಾಗಾದರೆ ಒಪ್ಪಿಗೆಯ ಮಾತೆಲ್ಲ ಬೂಟಾಟಿಕೆಯೇ? ಇಲ್ಲಿ ನಾನು ಹ್ಯೂಮನಿಂದ ಸ್ವಲ್ಪ ದೂರ ಸರಿಯುತ್ತೇನೆ. ಆ ಸುಳ್ಳಿಗೆ ಒಂದು ಗುಣವಿದೆ: ಹೇಳಿದವನನ್ನೇ ಅದು ಕಟ್ಟಿಹಾಕುತ್ತದೆ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಆಳಿಸಿಕೊಳ್ಳುವವರ ಸಮ್ಮತಿಯಿಂದಲೇ ಸರಕಾರಗಳಿಗೆ ಅಧಿಕಾರ ಬರುತ್ತದೆ ಎಂದು ಬರೆದ ಜೆಫರ್ಸನ್ ನೂರಾರು ಗುಲಾಮರ ಒಡೆಯನಾಗಿದ್ದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡೆರಿಕ್ ಡಗ್ಲಸ್ 1852ರ ಜುಲೈ 5ರಂದು ರಾಚೆಸ್ಟರಿನಲ್ಲಿ ನಿಂತು, ಆ ಘೋಷಣೆಯ ಹಬ್ಬ ಗುಲಾಮನಿಗೆ ಏನು ಎಂದು ಕೇಳಿದ. ಪದ ಹೊರಗೆ ಬಿದ್ದಿದ್ದರಿಂದಲೇ ಆ ಪ್ರಶ್ನೆಗೆ ಕಾಲೂರಲು ಜಾಗ ಸಿಕ್ಕಿತು. ಫ್ರೇಸರ್ ‘ಗೆದ್ದೆವು’ ಎಂದಷ್ಟೇ ಬರೆದಿದ್ದರೆ ನಾವು ಇಂದು ಅವನನ್ನು ಪ್ರಶ್ನಿಸಲು ಏನೂ ಉಳಿಯುತ್ತಿರಲಿಲ್ಲ. ‘ಸರ್ವಾನುಮತ’ ಎಂದು ಬರೆದ ಕ್ಷಣದಲ್ಲಿ ಅವನು ನಮಗೆ ಒಂದು ಹಕ್ಕು ಕೊಟ್ಟ: ಎಣಿಸಿ ನೋಡುವ ಹಕ್ಕು.

ನಿಜವಾಗಿ ಎಣಿಸಿದ್ದು 1952ರಲ್ಲಿ. ಕೊಡಗು ರಾಜ್ಯದ ವಿಧಾನಸಭೆಗೆ 24 ಸ್ಥಾನ. ಮೈಸೂರಿನೊಂದಿಗೆ ವಿಲೀನವಾಗಬೇಕೇ ಬೇಡವೇ ಎಂಬುದೇ ದೊಡ್ಡ ಚರ್ಚೆ. ಕಾಂಗ್ರೆಸ್ಸಿಗೆ 15, ಪಂದ್ಯಂಡ ಬೆಳ್ಯಪ್ಪನವರ ನೇತೃತ್ವದಲ್ಲಿ ವಿಲೀನವನ್ನು ವಿರೋಧಿಸಿದ ತಕ್ಕಡಿ ಗುರುತಿನವರಿಗೆ 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಆ ತೀರ್ಮಾನದ ಬಗ್ಗೆ ನಿಮ್ಮಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ ಎಂದು ಬಲ್ಲೆ. ನನಗೆ ಆ 9 ಸ್ಥಾನಗಳ ಮೇಲೆ ಬಹಳ ಗೌರವ. ಈ ನೆಲದ ಇತಿಹಾಸದಲ್ಲಿ ‘ಇಲ್ಲ’ ಎಂದವರ ಸಂಖ್ಯೆಯೂ ಸರಕಾರಿ ದಾಖಲೆಯಲ್ಲಿ ಮರ್ಯಾದೆಯಿಂದ ನಿಂತಿತು. ಎರವರ ಹಾಡಿಯ ಹೆಂಗಸಿಗೂ ಐನ್‌ಮನೆಯ ಯಜಮಾನನಿಗೂ ಆ ದಿನ ಮತದ ಬೆಲೆ ಒಂದೇ.

ಈಗ ನಮ್ಮ ಕಾಲದ ಒಂದು ಕಾಗದವನ್ನು ನಿಮ್ಮ ಕೈಗೆ ಕೊಡುತ್ತೇನೆ. ಕೊಡಗು ಮತ್ತು ಮೈಸೂರು ಜಿಲ್ಲೆಗಳ ನಡುವೆ ಹಬ್ಬಿರುವ ನಾಗರಹೊಳೆಯ ಕಾಡಿನಲ್ಲಿ ಜೇನುಕುರುಬರ, ಬೆಟ್ಟಕುರುಬರ, ಎರವರ ಹಾಡಿಗಳಿವೆ. ಹಲವು ಕುಟುಂಬಗಳು ಹೊರಗಿನ ಪುನರ್ವಸತಿ ಕೇಂದ್ರಗಳಿಗೆ ಹೋಗಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ವನ್ಯಜೀವಿಗಳಿಗಾಗಿ ಮೀಸಲಾದ ಇಂಥ ನೆಲೆಗಳಿಂದ ಜನರನ್ನು ಬೇರೆಡೆಗೆ ಕಳುಹಿಸಬೇಕಾದರೆ ಗ್ರಾಮಸಭೆಯು ತಿಳಿದು, ಸ್ವತಂತ್ರವಾಗಿ ಕೊಟ್ಟ ಒಪ್ಪಿಗೆ ಬೇಕು, ಅದೂ ಬರಹದಲ್ಲಿ. ಮಹಾಸಮ್ಮತನ ಕಾಲದಿಂದ ತತ್ತ್ವಜ್ಞಾನಿಗಳು ಬಾಯಿಮಾತಿನಲ್ಲಿ ಹೇಳಿದ್ದನ್ನು ಕಾನೂನು ಕಾಗದದ ಮೇಲೆ ಕೇಳುತ್ತಿದೆ. ನಿಮ್ಮಲ್ಲಿ ಯಾರಾದರೂ ಸಂಶೋಧನೆಗೆ ಹೊರಟರೆ ಅಂಥ ಒಂದು ಒಪ್ಪಿಗೆ ಪತ್ರವನ್ನು ಹುಡುಕಿ ತೆಗೆಯಿರಿ. ಸಭೆ ಯಾವ ತಿಂಗಳಿನಲ್ಲಿ ನಡೆಯಿತು, ಜೇನು ಕೀಳುವ ಕಾಲದಲ್ಲಿಯೋ ಮಳೆಗಾಲದಲ್ಲಿಯೋ? ಪತ್ರ ಕನ್ನಡದಲ್ಲಿದೆ, ಸಭೆಯಲ್ಲಿ ಅದನ್ನು ಜೇನುಕುರುಬರ ಮಾತಿನಲ್ಲಿ ಓದಿ ಹೇಳಿದವರಿದ್ದರೇ? ಹೆಬ್ಬೆಟ್ಟುಗಳಲ್ಲಿ ಹೆಂಗಸರವು ಎಷ್ಟು? ಒಪ್ಪದವರ ಹೆಸರುಗಳನ್ನು ಬರೆದುಕೊಂಡಿದ್ದಾರೆಯೇ, ಅಥವಾ ಕೆಳಗೆ ಅದೇ ಪದ ಇದೆಯೇ, ಸರ್ವಾನುಮತ ಎಂದು?